ಎಡಗಡೆಯ ಸ್ಕ್ರ್ಯಾಚರು

ಕಣ್ಣು ಹಾಯುವಷ್ಟು ದೂರವೂ ಹಿಮ. ಮೂಗು ಮುಖದ ಮೇಲಿದೆಯೋ ಇಲ್ಲವೋ ತಿಳಿಯದಷ್ಟು ಚಳಿ. ಅದರ ನಟ್ಟನಡುವೆ ನಮ್ಮ ಗಾಡಿ ಕುದಿಯುತ್ತಿತ್ತು. ಹ್ಯಾಂಡಲಿನ ಮುಂದೆ ಕೆಂಪು ದೀಪ ಹೊತ್ತಿಕೊಂಡಿತ್ತು, ಕೆಳಗಿನಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ ಬರುತ್ತಿತ್ತು. ಇಂಜಿನ್ ಆರಿಸಿ ಇಳಿದೆ. ದಾರಿಯ ಹಿಮವನ್ನೇ ಕೆರೆದು ಅದರ ಹೊಟ್ಟೆಯ ಕೆಳಗೆ ತುಂಬಲು ನೋಡಿದೆ. ಉಗುರು ಮುರಿಯಿತು, ಹಿಮ ಬರಲಿಲ್ಲ. ಆ ದಾರಿ ಸಿಮೆಂಟಿನಷ್ಟು ಗಟ್ಟಿಯಾಗಿತ್ತು.

ನಾನು ಮೈಸೂರಿನವಳು. ಐಸು ಎಂದರೆ ನನಗೆ ಫ್ರಿಜ್ಜಿನ ಟ್ರೇಯಲ್ಲಿ ಇರುವಂಥದ್ದು. ಮಂಜುಗಡ್ಡೆಯ ಮೇಲೆ ನಿಂತು ಒಂದು ಯಂತ್ರ ಸೆಕೆಯಿಂದ ಸಾಯಬಹುದು ಎಂದು ನನಗೆ ಯಾರೂ ಹೇಳಿರಲಿಲ್ಲ.

ಆ ಯಂತ್ರದ ಹೆಸರು ಸ್ನೋಮೊಬೈಲು. ಸ್ಕೂಟರಿನಂತೆ ಹ್ಯಾಂಡಲ್ ಹಿಡಿದು ಕೂರುತ್ತೇವೆ. ಚಕ್ರಗಳ ಬದಲು ಮುಂದೆ ಹಿಮದ ಮೇಲೆ ಜಾರುವ ಎರಡು ಹಲಗೆ, ಅಂದರೆ ಸ್ಕೀ, ಹಿಂದೆ ಸುತ್ತುವ ಅಗಲವಾದ ರಬ್ಬರ್ ಪಟ್ಟಿ. ಪಟ್ಟಿ ಸುತ್ತುವಾಗ ಸಡಿಲ ಹಿಮ ಮೇಲಕ್ಕೆ ಎರಚುತ್ತದೆ, ಆ ಹಿಮದಿಂದಲೇ ಇಂಜಿನ್ನೂ ಒಳಗಿನ ಪ್ಲಾಸ್ಟಿಕ್ಕೂ ತಣ್ಣಗಿರುತ್ತವೆ. ಓಡಾಡಿ ಓಡಾಡಿ ದಾರಿ ಗಾಜಿನಂತಾದರೆ ಎರಚಲು ಪುಡಿ ಇರುವುದಿಲ್ಲ. ಆಗ ಗಾಡಿ ಕಾಯುತ್ತದೆ. ಅದಕ್ಕೆ ಮದ್ದು ಐಸ್ ಸ್ಕ್ರ್ಯಾಚರು: ಗಾಡಿಯ ಹೊಟ್ಟೆಯಲ್ಲಿರುವ ಹಳಿಗಳಿಗೆ ಬೋಲ್ಟು ಹಾಕಿ ಕೂರಿಸುವ ಎರಡು ಕಡ್ಡಿಗಳು, ಎಡಕ್ಕೊಂದು, ಬಲಕ್ಕೊಂದು. ಅವುಗಳ ತುದಿ ನೆಲಕ್ಕೆ ತಾಗಿ ಎಳೆದುಕೊಂಡು ಬರುತ್ತಾ ಮಂಜುಗಡ್ಡೆಯನ್ನು ಕೆರೆದು ಪುಡಿ ಮಾಡುತ್ತದೆ.

ಓದುತ್ತಿರುವ ನೀವು, ಪರದೇಶದಲ್ಲಿರುವವರ ಮನಸ್ಸೂ ಹೀಗೇ ಅಲ್ಲವೇ ಎಂದು ತಲೆಯಾಡಿಸುವುದು ಬೇಡ. ಅಲ್ಲಿ ಕಾದದ್ದು ಗಾಡಿ. ನನ್ನ ಸಿಟ್ಟಿಗೆ ಬೇರೆ ಕಾರಣವಿತ್ತು.

ನಾವಿರುವುದು ಅಮೆರಿಕದ ಪಶ್ಚಿಮ ಕರಾವಳಿಯ ಡಬ್ಲಿನ್ನಿನಲ್ಲಿ, ಇಲ್ಲಿ ಹಿಮ ಬೀಳುವುದಿಲ್ಲ. ಚಳಿಗಾಲದ ಮಳೆಗೆ ಗುಡ್ಡಗಳು ಹಸಿರಾಗುತ್ತವೆ, ಬೇಸಿಗೆಗೆ ಒಣಗಿ ಕಂದು ಬಣ್ಣಕ್ಕೆ ತಿರುಗುತ್ತವೆ, ಅಷ್ಟೆ. ಹಿಮ ಬೇಕಾದರೆ ಟ್ರೇಲರಿನ ಮೇಲೆ ಗಾಡಿ ಕಟ್ಟಿಕೊಂಡು ಫ್ರೀವೇ ಹಿಡಿದು ಸಿಯೆರಾ ಬೆಟ್ಟಗಳವರೆಗೆ ಹೋಗಬೇಕು. ಉಳಿದ ಕಾಲವೆಲ್ಲ ಗಾಡಿ ನಮ್ಮ ಗ್ಯಾರೇಜಿನಲ್ಲಿ ಸೋನಾ ಮಸೂರಿ ಚೀಲಗಳ ಪಕ್ಕ ನಿಂತಿರುತ್ತದೆ, ಕಾರು ಹೊರಗೆ ಬಿಸಿಲಲ್ಲಿ ನಿಂತಿರುತ್ತದೆ. ನನ್ನ ಗಂಡ ರಘು ಮತ್ತು ಅವನ ಆಫೀಸಿನ ಗೆಳೆಯ ಮೋಹನ, ಎರಡೂ ಮನೆಯವರು ಸೇರಿ ಕೊಂಡ ಹಳೆಯ ಗಾಡಿ ಅದು. ಕೊಳ್ಳೋಣ ಎಂದವಳು ನಾನು. ಕಾಗದದ ಮೇಲಿರುವ ಹೆಸರು ಅವರಿಬ್ಬರದು.

ಅಂದು ಗಾಡಿ ತಣ್ಣಗಾಗಲು ಕಾಯುತ್ತಾ ನಿಂತಿದ್ದಾಗ, ಕೆಳಗಿನಿಂದ ರಘುವಿನ ಜೊತೆ ನಡೆದು ಬಂದ ಮೋಹನ ಹೇಳಿದ, "ಇದು ಎರಡ್ನೇ ಸಲ. ಇನ್ನೊಂದ್ ಸಲ ಹೀಟಾದ್ರೆ ಮಾರ್ಬಿಡೋಣಪ್ಪ. ನಮ್ಮ ಟೀಮಲ್ಲೊಬ್ಬ ಕೇಳ್ತಾನೇ ಇದಾನೆ."

"ಹೂಂ, ಮಾರೂಣ," ಎಂದ ರಘು. ಅವನು ಧಾರವಾಡದವನು.

ನಾನು ಅವರಿಬ್ಬರ ನಡುವೆಯೇ ನಿಂತಿದ್ದೆ.

ಒಂದು ಹಳೆಯ ಗಾಡಿಗೆ ಯಾಕಿಷ್ಟು ಎಂದು ಕೇಳಬಹುದು. ಮೈಸೂರಿನಲ್ಲಿ ನಾನು ಹಲ್ಲಿನ ಡಾಕ್ಟರು, ಸ್ವಂತ ಕ್ಲಿನಿಕ್ಕು ಇಟ್ಟಿದ್ದವಳು. ಇಲ್ಲಿ ಆ ಪದವಿ ನಡೆಯುವುದಿಲ್ಲ. ಮತ್ತೆ ಕಾಲೇಜಿಗೆ ಸೇರಿ, ಕಲಿತದ್ದನ್ನೇ ಕಲಿತು, ಪರೀಕ್ಷೆ ಬರೆದ ಮೇಲೆ ಹಲ್ಲು ಮುಟ್ಟಬಹುದು. ಸೀಟಿಗೆ ಅರ್ಜಿ ಹಾಕುತ್ತಲೇ ಇದ್ದೇನೆ. ಅದು ಸಿಗುವವರೆಗೆ ಬೆರ್ರಿಯೆಸಾದ ಒಂದು ಕ್ಲಿನಿಕ್ಕಿನಲ್ಲಿ ಅಸಿಸ್ಟೆಂಟು. ಡಬ್ಲಿನ್ನಿನಲ್ಲಿ ರೈಲು ಹತ್ತಿ, ಬೇ ಫೇರ್‌ನಲ್ಲಿ ಬದಲಿಸಿ, ಅಲ್ಲಿಗೆ ಹೋಗಿ, ಬೇರೆಯವರು ಕೊರೆಯುವಾಗ ರೋಗಿಯ ಬಾಯಿಂದ ಉಗುಳು ಎಳೆಯುವ ಕೊಳವೆ ಹಿಡಿದು ನಿಲ್ಲುತ್ತೇನೆ. ಈಗಷ್ಟೇ ಕಲಿತು ಬಂದ ಡಾಕ್ಟರು ಡ್ರಿಲ್ಲನ್ನು ಅತಿಯಾಗಿ ಓರೆ ಹಿಡಿದಿರುವುದು ನನಗೆ ಕಾಣುತ್ತದೆ. ಕೊಳವೆ ಹಿಡಿದಿರುತ್ತೇನೆ.

ಸ್ನೋಮೊಬೈಲಿನ ವೇಗವೆಲ್ಲ ಬಲಗೈ ಹೆಬ್ಬೆರಳಿನಲ್ಲಿ. ಒತ್ತಿದರೆ ಹೋಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ವಾರವಿಡೀ ಏನನ್ನೂ ನಿರ್ಧರಿಸದ ಕೈ ಅಲ್ಲಿ ನಿರ್ಧರಿಸುತ್ತದೆ. ಅದನ್ನೂ ಮಾರುವ ಮಾತಾಡಿದರು, ನನ್ನನ್ನು ದಾಟಿಕೊಂಡು, ಹಿಮದಲ್ಲಿ ನಿಂತು, ಚಹಾ ಕುಡಿಯುತ್ತಾ.

ಇಂಥ ಕಡೆ ಊರಿನ ಕ್ಲಿನಿಕ್ಕಿನ ಬಗ್ಗೆ ನಾಲ್ಕು ಚೆಂದದ ಮಾತು ಬರಬೇಕು. ಬರೆದೂ ಇದ್ದೆ, ಹೊಡೆದು ಹಾಕಿದೆ. ಹಸಿರು ಗೋಡೆ ಎಂದು ಬರೆದಿದ್ದೆ, ಫೋಟೋದಲ್ಲಿ ನೋಡಿದರೆ ಹಳದಿ. ಕಿಟಕಿಯಾಚೆ ಸಂಪಿಗೆ ಮರ ಎಂದಿದ್ದೆ, ಅಲ್ಲಿದ್ದದ್ದು ಟ್ರಾನ್ಸ್‌ಫಾರ್ಮರು. ಎಷ್ಟು ಸಲ ಕೆದಕಿದರೂ ಬದಲಾಗದೆ ಉಳಿದಿರುವುದು ಒಂದೇ. ಬಾಗಿಲು ತಳ್ಳಿ ಒಳಗೆ ಬಂದವರು ನನ್ನನ್ನು ನೋಡಿ, "ಡಾಕ್ಟ್ರಿಲ್ವಾ ಮೇಡಂ?" ಎನ್ನುತ್ತಿದ್ದರು. "ನಾನೇ," ಎಂದರೆ, "ಅಲ್ಲ, ಸಾರ್ ಯಾವಾಗ್ ಬರ್ತಾರೆ?"

ಆ ಸಾರ್ ಇಲ್ಲಿಯೂ ಸಿಕ್ಕಿದರು.

ಬೆಟ್ಟದ ಬುಡದ ಊರಿನಲ್ಲಿ ಸ್ನೋಮೊಬೈಲಿನ ಬಿಡಿಭಾಗಗಳ ಅಂಗಡಿಯಿದೆ. ಗೋಡೆಯ ಮೇಲೆ ಸ್ಕ್ರ್ಯಾಚರುಗಳು ಎರಡು ಬಗೆಯವು ತೂಗುತ್ತಿದ್ದವು. ಒಂದು ಉಕ್ಕಿನ ಸ್ಪ್ರಿಂಗಿನದು, ಸುರುಳಿ ಸುತ್ತಿ ಮುಂದೆ ಕಡ್ಡಿಯಾಗಿ ಚಾಚಿದ್ದು. ಇನ್ನೊಂದು ಕೇಬಲಿನದು, ಸೈಕಲ್ ಬ್ರೇಕಿನ ತಂತಿ ದಪ್ಪಗಾದರೆ ಹೇಗೋ ಹಾಗೆ, ಎತ್ತ ಬೇಕಾದರೂ ಬಾಗುವಂಥದ್ದು. ಗಟ್ಟಿ ದಾರಿಗೆ ಯಾವುದು ಒಳ್ಳೆಯದು ಎಂದು ನಾನು ಕೇಳಿದೆ. ಗಡ್ಡದ ಅಂಗಡಿಯವರು ರಘುವಿನ ಮುಖ ನೋಡುತ್ತಾ ಉತ್ತರ ಹೇಳಿದರು. ಎರಡನೆಯ ಪ್ರಶ್ನೆ ಕೇಳಿದೆ. ಅದರ ಉತ್ತರವೂ ರಘುವಿಗೇ ಹೋಯಿತು. ಏನೂ ತಿಳಿಯದ ರಘು ಗಂಭೀರವಾಗಿ ತಲೆಯಾಡಿಸಿದ. ಅಲ್ಲಿಗೂ ಇಲ್ಲಿಗೂ ಇರುವ ವ್ಯತ್ಯಾಸ ಬರೆಯಿರಿ ಎನ್ನುತ್ತಾರೆ. ಇದೊಂದರಲ್ಲಿ ಏನೂ ವ್ಯತ್ಯಾಸವಿಲ್ಲ.

"ಕೇಬಲ್ಲಿಂದ ತಗೊಳ್ಳೂಣ," ಎಂದ ರಘು. "ರಿವರ್ಸ್ ಹಾಕಿದ್ರೂ ಏನೂ ಆಗೂದಿಲ್ಲಂತ."

"ಕೇಬಲ್ಲು ಗಟ್ಟಿ ಐಸಿನ ಮೇಲೆ ಕುಣಿಯುತ್ತೆ, ಕೆರೆಯಲ್ಲ. ನಾವು ಹೋಗೋ ದಾರಿ ಬೆಳಿಗ್ಗೆ ಪೂರ್ತಿ ಐಸು. ಸ್ಪ್ರಿಂಗಿಂದೇ ಬೇಕು."

"ಸ್ಪ್ರಿಂಗಿಂದಾದ್ರ ಹಿಂದಕ್ಕ ಹೋಗೂಮುಂದ ಎತ್ತಿ ಸಿಗಸಬೇಕು. ಇಲ್ಲಾಂದ್ರ ತುದಿ ನೆಲಕ್ಕ ನೆಟ್ಟು ಮುರೀತದ. ಮರತ್ರ?"

"ನಾನು ಮರೆಯಲ್ಲ."

"ನೀ ಮರೆಯಾಂಗಿಲ್ಲ. ನಾವು ಮರೀತೀವಿ."

ನಗಲಿ ಎಂದು ಹೇಳಿದ ಮಾತು. ತನ್ನ ಮರೆವನ್ನು ಅವನು ಹವಾಮಾನದ ಹಾಗೆ ಹೇಳುತ್ತಾನೆ, ಯಾರೂ ಏನೂ ಮಾಡಲಾಗದ ಸಂಗತಿಯ ಹಾಗೆ. ನಾನು ಸ್ಪ್ರಿಂಗಿನ ಜೋಡಿಯನ್ನೇ ತೆಗೆದುಕೊಂಡೆ. ಕಡ್ಡಿಯ ತುದಿಯಲ್ಲಿ ಕಡಲೆಬೇಳೆಯಷ್ಟು ಲೋಹ ಕೂರಿಸಿದ್ದರು. ಕಾರ್ಬೈಡು. ಹಲ್ಲು ಕೊರೆಯುವ ನಮ್ಮ ಬರ್ ಕೂಡ ಅದೇ ಲೋಹದ್ದು. ಮನೆಗೆ ಬರುವವರೆಗೆ ಪೊಟ್ಟಣದೊಳಗೆ ಬೆರಳು ತೂರಿಸಿ ಅದನ್ನು ಮುಟ್ಟುತ್ತಾ ಕುಳಿತಿದ್ದೆ.

ಆ ಚಳಿಗಾಲದಲ್ಲಿ ಅತ್ತೆ ಧಾರವಾಡದಿಂದ ಬಂದು ನಮ್ಮೊಂದಿಗಿದ್ದರು. ಊರಿನವರಿಗೆ ಫೋನು ಮಾಡಿದಾಗಲೆಲ್ಲ ಅವರು ಹೇಳುವುದೊಂದಿತ್ತು: "ನಮ್ಮ ಸೊಸೀದು ಇಲ್ಲೆ ದೊಡ್ಡ ದವಾಖಾನಿ ಅದ."

"ಅತ್ತೆ, ಯಾಕೆ ಸುಳ್ಳು ಹೇಳ್ತೀರಿ?" ಎಂದು ಒಮ್ಮೆ ಕೇಳಿಯೇಬಿಟ್ಟೆ.

"ಸುಳ್ಳ್ಯಾವದವಾ? ಇವತ್ತಿಲ್ಲಾ ನಾಳೆ ಆಗೂದ ಅದ. ನಾ ಸ್ವಲ್ಪ ಮುಂಚೆ ಹೇಳೇನಿ, ಅಷ್ಟ."

ನನಗೆ ಮೈಯೆಲ್ಲ ಉರಿಯಿತು. ಇಲ್ಲದ ಕ್ಲಿನಿಕ್ಕಿಗೆ ಧಾರವಾಡದಲ್ಲಿ ಶಹಬ್ಬಾಸ್‌ಗಿರಿ ಸಿಗುತ್ತಿತ್ತು. ಇರುವ ಕೆಲಸದ ಬಗ್ಗೆ ಯಾರೂ ಕೇಳುತ್ತಿರಲಿಲ್ಲ.

ಸ್ಕ್ರ್ಯಾಚರು ಕೂರಿಸುವ ದಿನ ಮೋಹನ ಡ್ರಿಲ್ ಹಿಡಿದೇ ಬಂದ. ಗ್ಯಾರೇಜಿನ ಬಾಗಿಲು ತೆರೆದಿತ್ತು. ಅತ್ತೆ ಬಾಗಿಲಲ್ಲಿ ಬಿಸಿಲಿಗೆ ಕುರ್ಚಿ ಹಾಕಿಕೊಂಡು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಮೋಹನ ಗಾಡಿಯ ಹಿಂಭಾಗವನ್ನು ಸ್ಟ್ಯಾಂಡಿನ ಮೇಲೆ ಎತ್ತಿ ನಿಲ್ಲಿಸಿ, ಫೋನಿನಲ್ಲಿ ಒಂದು ವಿಡಿಯೋ ನೋಡಿ, ಹಳಿಯ ಮೇಲೆ ಮಾರ್ಕರಿನಿಂದ ಚುಕ್ಕೆ ಇಟ್ಟ.

"ಸಿಂಪಲ್ಲು ಶೈಲಾ. ಎರಡ್ ಹೋಲು, ಎರಡ್ ಬೋಲ್ಟು."

"ಈಗ ಗಾಡಿ ಖಾಲಿ ತೂಗಾಡ್ತಿದೆ. ಯಾರಾದ್ರೂ ಕೂತಾಗ ಹಳಿ ಮೇಲಕ್ಕೆ ಬರುತ್ತೆ. ಆಗ ಈ ಕಡ್ಡಿ ಎಲ್ಲಿಗೆ ತಾಗುತ್ತೆ ಅಂತ ಮೊದ್ಲು ನೋಡ್ಬೇಕು," ಎಂದೆ. "ಹಲ್ಲಿಗೆ ಕ್ಯಾಪ್ ಹಾಕೋವಾಗ ಕಚ್ಚಿಸಿ ನೋಡ್ತೀವಲ್ಲ, ಹಾಗೆ."

"ಜಾಸ್ತಿ ಯೋಚ್ನೆ ಮಾಡ್ತಿದೀರ," ಎಂದ ಮೋಹನ. ಡ್ರಿಲ್ಲು ಆಗಲೇ ಗುಂಯ್ ಎನ್ನುತ್ತಿತ್ತು. ರಘು ಇಬ್ಬರ ಮುಖವನ್ನೂ ನೋಡಿ ಫೋನು ನೋಡಿದ.

"ಮ್ಯಾಲ ಭಾರ ಬೇಕೇನು?" ಅತ್ತೆ ಸೊಪ್ಪಿನ ಬುಟ್ಟಿ ಕೆಳಗಿಟ್ಟರು. "ನಾ ಕುಂಡ್ರತೇನಿ ತಡೀರಿ."

ಸ್ಟ್ಯಾಂಡು ತೆಗೆಯಬೇಕಾಯಿತು. ಇಳಕಲ್ ಸೀರೆಯ ಮೇಲೆ ಮಗನ ಜಾಕೀಟು ಹಾಕಿಕೊಂಡಿದ್ದ ಅತ್ತೆ ನನ್ನ ಹೆಗಲು ಹಿಡಿದು ಹತ್ತಿ ಒಂದು ಪಕ್ಕಕ್ಕೆ ಕಾಲು ಬಿಟ್ಟು ಕುಳಿತರು. ಅವರ ಹಿಂದೆ ರಘುವನ್ನೂ ಕೂರಿಸಿದೆ. ಗಾಡಿ ಉಸಿರು ಬಿಟ್ಟಂತೆ ಕುಸಿಯಿತು.

"ಎಮ್ಮೀ ಮ್ಯಾಲ ಕುಂತಂಗ ಆತು," ಎಂದರು ಅತ್ತೆ.

ನಾನು ನೆಲದ ಮೇಲೆ ಮಲಗಿ, ಮೋಹನನ ಚುಕ್ಕೆಯ ಮೇಲೆ ಸ್ಕ್ರ್ಯಾಚರು ಹಿಡಿದು ತೋರಿಸಿದೆ. ಸುರುಳಿ ನೇರವಾಗಿ ಪಟ್ಟಿಯನ್ನು ಉರುಳಿಸುವ ಒಳಗಿನ ಸಣ್ಣ ಚಕ್ರಕ್ಕೆ ಒತ್ತಿಕೊಂಡಿತ್ತು. ಅಲ್ಲಿ ತೂತು ಮಾಡಿದ್ದರೆ ಮೊದಲ ಉಬ್ಬಿಗೇ ಚಕ್ರ ಹೋಗುತ್ತಿತ್ತು. ಮೋಹನನೂ ಬಗ್ಗಿ ನೋಡಿದ.

"ಓಕೆ, ಸ್ವಲ್ಪ ಹಿಂದೆ ಹಾಕೋಣ. ಲೈಟ್ ಹಿಡ್ಕೊಳಿ, ನಾನು ಹೊಡೀತೀನಿ."

"ಮೋಹನಾ," ಮೇಲಿನಿಂದ ಅತ್ತೆಯ ದನಿ ಬಂತು. "ಆ ಮಷೀನ ಅಕಿ ಕೈಯಾಗ ಕೊಡೋ. ನನ್ನ ದವಡೀ ಹಲ್ಲ ಕೊರದಾಕಿ ಅಕಿ. ನಾನ ಏನೂ ಅನಲಿಲ್ಲ, ಈ ಕಬ್ಬಣ ಏನಂತದ?"

ಡ್ರಿಲ್ಲು ನನ್ನ ಕೈಗೆ ಬಂತು. ಇಲ್ಲಿಗೆ ಬಂದ ಮೇಲೆ ಮೊದಲ ಸಲ. ಗಾಡಿಯನ್ನು ಮತ್ತೆ ಎತ್ತಿ ನಿಲ್ಲಿಸಿ, ಮೊದಲು ಸಣ್ಣ ತೂತು, ಆಮೇಲೆ ಅದನ್ನೇ ದೊಡ್ಡದು ಮಾಡಿದೆ. ಒತ್ತಲಿಲ್ಲ. ಮುಟ್ಟಿ, ಬಿಟ್ಟು, ಒಂದು ಹನಿ ಎಣ್ಣೆ ಬಿಟ್ಟು, ಮತ್ತೆ ಮುಟ್ಟಿದೆ. ಕೊರೆಯುವಾಗ ಕಾಯಬಾರದು, ಹಲ್ಲಾಗಲಿ ಲೋಹವಾಗಲಿ. ತೂತಿನ ಅಂಚಿನ ಚೂಪನ್ನು ಉಜ್ಜಿ ತೆಗೆದು ಬೋಲ್ಟು ಬಿಗಿದೆ. ಅತ್ತೆಯನ್ನು ಮತ್ತೊಮ್ಮೆ ಕೂರಿಸಿ ನೋಡಿದೆ. ಎಲ್ಲಿಯೂ ತಾಗುತ್ತಿರಲಿಲ್ಲ. ಕಡ್ಡಿ ಎತ್ತಿ ಕೊಕ್ಕೆಗೆ ಸಿಗಿಸುವುದನ್ನು ಇಬ್ಬರು ಗಂಡಸರಿಂದಲೂ ಮಾಡಿಸಿದೆ. ರಿವರ್ಸ್ ಗುಂಡಿಯ ಪಕ್ಕ ಹಳದಿ ಟೇಪು ಅಂಟಿಸಿ, ಇದನ್ನು ಒತ್ತುವ ಮೊದಲು ಇಳಿದು ಎತ್ತಬೇಕು ಎಂದೆ.

"ಯೆಸ್ ಡಾಕ್ಟರ್," ಎಂದ ಮೋಹನ. ತಮಾಷೆಗೆ.

ಮುಂದಿನ ವಾರ ಸಿಯೆರಾಕ್ಕೆ ಹೋದೆವು. ಇದೇ ಪರೀಕ್ಷೆ ಎಂದು ಎಲ್ಲರಿಗೂ ಗೊತ್ತಿತ್ತು. ದೀಪ ಹತ್ತಿದರೆ ಗಾಡಿ ಮೋಹನನ ಟೀಮಿನವನಿಗೆ. ಟ್ರೇಲರಿನಿಂದ ಇಳಿಸುತ್ತಿದ್ದಂತೆ ಅತ್ತೆ ಚೀಲ ಬಿಚ್ಚಿದರು. ಅರಿಸಿನ, ಕುಂಕುಮ, ಊದಿನಕಡ್ಡಿ, ಡಬ್ಲಿನ್ನಿನ ಇಂಡಿಯನ್ ಅಂಗಡಿಯ ನಿಂಬೆಹಣ್ಣು.

"ಹೊಸಾ ಸಾಮಾನ ಹಾಕೀರಿ. ಪೂಜಾ ಮಾಡಲಾರದ ಓಡಸತೀರೇನು?"

ಗಾಡಿಯ ಮೂತಿಗೆ ಕುಂಕುಮ ಹಚ್ಚಿದರು. ಗಾಳಿಗೆ ಊದಿನಕಡ್ಡಿ ಹತ್ತಲಿಲ್ಲ. ಪಕ್ಕದಲ್ಲಿ ಗಾಡಿ ಇಳಿಸುತ್ತಿದ್ದವರು ಕೈ ಬಿಟ್ಟು ನೋಡುತ್ತಾ ನಿಂತರು. ನಾಚಿಕೆಯಾಯಿತು ಎಂದು ಬರೆದರೆ ಸುಳ್ಳು, ಹೆಮ್ಮೆಯಾಯಿತು ಎಂದರೂ ಸುಳ್ಳು. ಚಳಿಯಾಗುತ್ತಿತ್ತು. ಎರಡು ಸ್ಕೀಗಳ ಮುಂದೆ ಒಂದೊಂದು ನಿಂಬೆಹಣ್ಣು ಇಟ್ಟು ಅತ್ತೆ ಹೇಳಿದರು, "ರಘೂ, ನೀ ಹತ್ತು. ಮೊದಲ ಮನೀ ಯಜಮಾನ."

ಹೆಲ್ಮೆಟ್ಟು ನನ್ನ ಕೈಯಲ್ಲಿತ್ತು. ಅವನು ಅದನ್ನು ತೆಗೆದುಕೊಂಡು ಹತ್ತಿದ.

ಗಾಡಿ ಮುಂದೆ ಹೋಯಿತು. ಅಲ್ಲಿ ಹಿಂದಿನ ದಿನ ಬಿದ್ದ ಹಿಮ ಮೆತ್ತಗಿತ್ತು. ನಿಂಬೆಹಣ್ಣು ಒಡೆಯಲಿಲ್ಲ, ಹಾಗೆಯೇ ಹಿಮದೊಳಗೆ ಇಳಿದುಹೋಯಿತು. ಅತ್ತೆ ಬಗ್ಗಿ ಕೈ ಹಾಕಿ ತೆಗೆದರು. ಎರಡೂ ಇಡಿಯಾಗಿದ್ದವು.

"ಒಡೀಲೇ ಇಲ್ಲಲ್ಲೋ. ಹಂಗ ಬಿಡಬಾರದು. ಹಿಂದ ತಗೊ, ಮತ್ತೊಮ್ಮೆ ಹತ್ತಸು," ಎಂದು ಕೈಯಾಡಿಸಿದರು.

"ಹಾಂ, ರಿವರ್ಸ್ ಬಾ ಗುರು," ಎಂದ ಮೋಹನ ಫೋನು ಎತ್ತಿ ಹಿಡಿದು. "ಇಲ್ಲಿಂದ ಚೆನ್ನಾಗ್ ಬರುತ್ತೆ."

"ಕಡ್ಡಿ ಎತ್ತಿಲ್ಲ, ರಘು, ಎತ್ತಿಲ್ಲ," ಎಂದು ಕೂಗುತ್ತಾ ಓಡಿದೆ. ಹಿಮದಲ್ಲಿ ಓಡಲು ಬರುವುದಿಲ್ಲ. ಅವನಿಗೆ ಹೆಲ್ಮೆಟ್ಟಿನೊಳಗೆ ಕೇಳಿಸಲಿಲ್ಲ. ಅವ್ವನ ಕೈ ಮಾತ್ರ ಕಂಡಿರಬೇಕು. ಹಳದಿ ಟೇಪಿನ ಪಕ್ಕದ ಗುಂಡಿಯನ್ನು ಹಳದಿ ಟೇಪು ನೋಡಿಕೊಂಡೇ ಒತ್ತಿದ.

ಬಲಗಡೆಯ ಕಡ್ಡಿ ಮೆತ್ತನೆಯ ಹಿಮದಲ್ಲಿ ಜಾರಿ ಉಳಿಯಿತು. ಎಡಗಡೆಯದರ ಕೆಳಗೆ ಲಾರಿ ಹೋಗಿ ಗಟ್ಟಿಯಾದ ಜಾಡಿತ್ತು. ಟಣ್ ಎಂದಿತು. ಸುರುಳಿ ಬಿಚ್ಚಿಕೊಂಡು ಕಡ್ಡಿ ಮುರಿದು ಬಿತ್ತು.

"ಅವ್ವ ಹಿಂದ ತಗೊ ಅಂದ್ಳು," ಎಂದ ರಘು.

"ನಾ ಏನ ಕಂಡೇನಿ, ಅದಕ್ಕ ಕೆಳಗ ಉಗುರು ಅವ ಅಂತ?" ಎಂದರು ಅತ್ತೆ.

"ಹೋಗ್ಲಿ ಬಿಡಿ," ಎಂದ ಮೋಹನ. "ಒಂದ್ರಲ್ಲಿ ಹೀಟಾಗೇ ಆಗುತ್ತೆ. ನಾನ್ ಅವ್ನಿಗೆ ಮೆಸೇಜ್ ಹಾಕ್ತೀನಿ."

ಮೂವರದೂ ಮೂರು ಒಳ್ಳೆಯ ಕಾರಣಗಳು. ನನ್ನ ಹತ್ತಿರ ಕಾರಣವಿರಲಿಲ್ಲ, ಸಿಟ್ಟಿತ್ತು. "ಫೋನ್ ಒಳಗಿಡಿ ಮೋಹನ್," ಎಂದೆ. ರಘುವಿಗೆ, "ಇಳಿ," ಎಂದೆ. ಅವನು ಇಳಿದ. ಮುರಿದದ್ದನ್ನು ಜೇಬಿಗೆ ಹಾಕಿಕೊಂಡು, ಒಂದೇ ಸ್ಕ್ರ್ಯಾಚರಿನ ಗಾಡಿ ಹತ್ತಿ ಹೊರಟೆ.

ಬೆಟ್ಟದ ದಾರಿ ಗಾಜಿನಂತೆ ಹೊಳೆಯುತ್ತಿತ್ತು. ಬಲಗಡೆಯಿಂದ ಚರ್ರ್ ಎಂಬ ಸದ್ದು ಬಿಡದೆ ಬರುತ್ತಿತ್ತು, ಎಡಗಡೆ ಮೌನ. ಕಣ್ಣು ದಾರಿಯ ಮೇಲೆ ಅರ್ಧ, ದೀಪದ ಮೇಲೆ ಅರ್ಧ. ಹೋದ ಸಲ ಕುದಿದ ಜಾಗ ಬಂತು. ಒಂಟಿ ಪೈನ್ ಮರ, ಬಾಗಿದ ಫಲಕ. ದಾಟಿದೆ. ಏರು ಮುಗಿಯಿತು, ಬಯಲು ಬಂತು, ಬಯಲಿನ ತುದಿಗೆ ಹೋಗಿ ನಿಲ್ಲಿಸಿದೆ. ಬಗ್ಗಿ ನೋಡಿದರೆ ಒಳಗಿನ ಪ್ಲಾಸ್ಟಿಕ್ಕಿನ ಮೇಲೆ ಬಲಕ್ಕೆ ದಟ್ಟವಾಗಿ, ಎಡಕ್ಕೆ ತೆಳುವಾಗಿ ಹಿಮದ ಪುಡಿ ಕೂತಿತ್ತು. ದೀಪ ಹತ್ತಿರಲಿಲ್ಲ. ಈ ಸಂಗತಿಯನ್ನು ನೆನಪಿಗೆ ಬಿಡಬಾರದು ಎಂದು ಅಲ್ಲೇ ಫೋಟೋ ತೆಗೆದೆ. ಆರಿದ ದೀಪದ ಫೋಟೋ. ಬಂದ ದಾರಿಯಲ್ಲಿ ಒಂದೇ ಒಂದು ಬಿಳಿ ಗೀರು, ಬಲಗಡೆಗೆ ಸರಿದುಕೊಂಡು, ಬೆಟ್ಟ ಇಳಿದು ಹೋಗಿತ್ತು.

ವಾಪಸು ಬಂದಾಗ ಮೋಹನನಿಗೆ ಫೋಟೋ ತೋರಿಸಿ, "ಗಾಡಿ ಮಾರಲ್ಲ," ಎಂದೆ.

ಮೋಹನ ರಘುವನ್ನು ನೋಡಿದ. ರಘು ಅವ್ವನನ್ನು ನೋಡಿದ. ಅತ್ತೆ ನಿಂಬೆಹಣ್ಣಿನ ಮೇಲಿನ ಹಿಮ ಒರೆಸುತ್ತಿದ್ದರು, ತಲೆಯೆತ್ತಲಿಲ್ಲ.

"ಮಾರೂದು ಬ್ಯಾಡ ಬಿಡ ಮೋಹನ," ಎಂದ ರಘು.

"ಸರಿ ಹಾಗಾದ್ರೆ," ಎಂದ ಮೋಹನ.

ನಾನು ಹೇಳಿದ್ದನ್ನೇ ರಘು ಹೇಳಿದ. ಆಗ ಅದು ತೀರ್ಮಾನವಾಯಿತು. ಗೆದ್ದೆನಲ್ಲ ಎಂದು ಸಂತೋಷಪಡಲು ಅಲ್ಲಿಂದ ಡಬ್ಲಿನ್ನಿನವರೆಗೆ ದಾರಿಯಿತ್ತು. ಕಾರಿನ ಹಿಂದಿನ ಸೀಟಿನಲ್ಲಿ ಕುಳಿತು, ಕಿಟಕಿಯಾಚೆ ಹಿಮ ಹೋಗಿ ಹಸಿರು ಬರುವುದನ್ನು ನೋಡುತ್ತಾ, ಅಷ್ಟು ದೂರವೂ ಉರಿಯುತ್ತಲೇ ಇದ್ದೆ.

ಸ್ಕ್ರ್ಯಾಚರುಗಳನ್ನು ಬಿಡಿಯಾಗಿ ಮಾರುವುದಿಲ್ಲ. ಎಡಗಡೆಯದೊಂದಕ್ಕಾಗಿ ಮತ್ತೊಂದು ಜೋಡಿ ತರಿಸಿದೆ. ಎಡಗಡೆಯದನ್ನು ನಾನೇ ಹಾಕಿದೆ, ಈ ಸಲ ಯಾರೂ ಡ್ರಿಲ್ ತಂದಿರಲಿಲ್ಲ. ತೂತು ಸರಿಯಾಗಿಯೇ ಇತ್ತು. ಹೆಚ್ಚಾಗಿ ಉಳಿದ ಬಲಗಡೆಯದು ಹೊಳೆಯುತ್ತಾ ಕೈಯಲ್ಲಿ ಉಳಿಯಿತು. ಇಡಲು ಜಾಗ ಹುಡುಕಿದೆ. ಮೈಸೂರಿನಿಂದ ಟವೆಲಿನಲ್ಲಿ ಸುತ್ತಿ ತಂದ ನನ್ನ ಕನ್ನಡಿ, ಚಿಮಟ, ಬರ್‌ಗಳು ಒಂದು ಡ್ರಾಯರಿನಲ್ಲಿವೆ. ಅಲ್ಲಿಟ್ಟೆ.

ಊರಿಗೆ ಹೊರಡುವ ಹಿಂದಿನ ದಿನ ಅತ್ತೆ ಸೂಟ್‌ಕೇಸು ತುಂಬುತ್ತಾ ಕೇಳಿದರು, "ಆ ಮುರದದ್ದು ಎಲ್ಲಿಟ್ಟಿ? ನನಗ ಕೊಡ."

"ಅದ್ಯಾಕೆ ಅತ್ತೆ?"

"ಕೇಳಿದೋರಿಗೆ ತೋರಸ್ತೇನಿ."

"ಏನಂತ?"

"ಸೊಸಿ ತೂತ ಹೊಡದು ಕುಂಡ್ರಿಸಿದ್ದು, ಮಗಾ ಮುರದದ್ದು ಅಂತ."

"ಹಿಂದೆ ತಗೋ ಅಂದೋರು ಯಾರು ಅಂತಾನೂ ಹೇಳಿ."

"ಅದನ್ನ ಕೇಳಿದ್ರ ನೋಡೂಣ." ಕಡ್ಡಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಒಳಗಿಟ್ಟರು.

"ಮತ್ತೆ ದವಾಖಾನೆ? ಅದು ಇಲ್ಲ ಅಂತ ಹೇಳ್ತೀರಾ?"

ಅತ್ತೆ ಸೂಟ್‌ಕೇಸಿನ ಮೇಲೆ ಕುಳಿತರು, ಗಾಡಿಯ ಮೇಲೆ ಕುಳಿತ ಹಾಗೆಯೇ, ಕಾಲು ಒಂದು ಪಕ್ಕಕ್ಕೆ ಬಿಟ್ಟು. "ಅದನ್ನ ನಾ ತಿರಗಿ ತಗೊಳ್ಳೂದಿಲ್ಲವಾ. ಹೇಳಿ ಬಿಟ್ಟೇನಿ. ನೀನ ಜಲ್ದಿ ಮಾಡು. ಜಿಪ್ ಎಳಿ."

ಎಳೆದೆ.

ಧಾರವಾಡದಲ್ಲಿ ಈಗ ನನಗೊಂದು ದೊಡ್ಡ ದವಾಖಾನೆಯಿದೆ, ನಾನು ಕೂರಿಸಿದ ಮುರಿದ ಕಡ್ಡಿಯಿದೆ. ಸೋಮವಾರ ಬೇ ಫೇರ್‌ನಲ್ಲಿ ರೈಲು ಬದಲಿಸಿ ಬೆರ್ರಿಯೆಸಾಕ್ಕೆ ಹೋದೆ. ಡಾಕ್ಟರು ಕಾರ್ಬೈಡ್ ಎಂದು ಕೈ ಚಾಚಿದರು. ಕೊಟ್ಟೆ. ಡ್ರಿಲ್ಲು ಓರೆಯಾಗಿ, ಹಲ್ಲನ್ನು ಒತ್ತಿಕೊಂಡು ಇಳಿಯುತ್ತಿತ್ತು. ಕೊಳವೆ ಹಿಡಿದುಕೊಂಡೇ, ಇಲ್ಲಿಗೆ ಬಂದ ಮೇಲೆ ಮೊದಲ ಸಲ, ಒತ್ತಬೇಡಿ, ಕಾಯುತ್ತದೆ ಎಂದು ಅವರ ಭಾಷೆಯಲ್ಲಿ ಹೇಳಿದೆ. ಡಾಕ್ಟರು ಕೊರೆಯುವುದನ್ನು ನಿಲ್ಲಿಸಿ, ಮುಖಗವುಸಿನ ಮೇಲಿಂದ ನನ್ನನ್ನು ನೋಡಿದರು.